ಐರ್ಲೆಂಡ್: ವಿದೇಶಿ ಕಂಪನಿಗಳ ನೆಲೆ

ರಾಜಧಾನಿ ಡಬ್ಲಿನ್, ನಾಣ್ಯ ಯೂರೋ. 1973ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಸೇರಿತು. ವಿದೇಶಿ ಹೂಡಿಕೆ ಸೆಳೆಯುವ ಸರ್ಕಾರಿ ಸಂಸ್ಥೆ ಐಡಿಎ, ಸ್ಥಾಪನೆ 1949.

ಮುಖ್ಯ ಆಕರ್ಷಣೆ ತೆರಿಗೆ. 2003ರಿಂದ ವ್ಯಾಪಾರ ಲಾಭದ ಮೇಲಿನ ಕಾರ್ಪೊರೇಟ್ ತೆರಿಗೆ 12.5%. ವಾರ್ಷಿಕ ವಹಿವಾಟು 75 ಕೋಟಿ ಯೂರೋ ಮುಟ್ಟಿದ ಸಮೂಹಗಳಿಗೆ 2024ರಿಂದ ಕನಿಷ್ಠ 15%. ಹಳೆಯ ಪುಸ್ತಕ ಓದುವವರು ಇದನ್ನು ತಪ್ಪದೆ ತಿದ್ದಿಕೊಳ್ಳಿ.

ಇನ್ನು ಅಭ್ಯರ್ಥಿಗಳು ಎಡವುವ ಜಾಗ. 2015ರಲ್ಲಿ ಐರ್ಲೆಂಡಿನ ಜಿಡಿಪಿ ಸುಮಾರು 25% ಜಿಗಿಯಿತು. ಜನರ ಗಳಿಕೆ ಅಷ್ಟು ಏರಿರಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟ್‌ನಂಥ ಬೌದ್ಧಿಕ ಆಸ್ತಿಯನ್ನು ಅಲ್ಲಿಗೆ ವರ್ಗಾಯಿಸಿದ್ದೇ ಇದಕ್ಕೆ ಮುಖ್ಯ ಕಾರಣ. ಹಾಗಾಗಿ ದೇಶದೊಳಗಿನ ನಿಜಸ್ಥಿತಿ ಅಳೆಯಲು ‘ಮಾರ್ಪಡಿಸಿದ ಒಟ್ಟು ರಾಷ್ಟ್ರೀಯ ಆದಾಯ’ ಎಂಬ ಸೂಚಕವಿದೆ. ತಲಾ ಜಿಡಿಪಿಯೊಂದನ್ನೇ ನೋಡಿ ಉತ್ತರ ಬರೆಯಬೇಡಿ.

ಪ್ರಚಲಿತ: ಆ್ಯಪಲ್ 1,300 ಕೋಟಿ ಯೂರೋ ಬಾಕಿ ತೆರಿಗೆಯನ್ನು ಐರ್ಲೆಂಡಿಗೆ ಕಟ್ಟಬೇಕೆಂದು 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ತೀರ್ಪಿತ್ತಿತು.