ಹೆಸರು ಕಾಯುವ ಪಾತ್ರಗಳು

ಮಲ್ಲೇಶ್ವರಂನಲ್ಲಿ ಹವ್ಯಾಸಿ ತಂಡ ಕಟ್ಟಿಕೊಂಡು ನಾಟಕ ಆಡಿಸುವ ನನಗೆ ಮರ್ಯಾದೆ ಉಳಿಸಿಕೊಳ್ಳಲು ಸುಳ್ಳಿಗೆ ಇಳಿಯುವ ಪಾತ್ರಗಳೆಂದರೆ ವಿಶೇಷ ಪ್ರೀತಿ. ತಾಲೀಮಿನಲ್ಲಿ ಅವು ಕಲಿಸಿದ್ದನ್ನು ಹೊಸ ನಟರಿಗಾಗಿ ಬರೆದಿಡುತ್ತಿದ್ದೇನೆ.

1. ಸುಳ್ಳಿಗಿಂತ ಮೊದಲು ಹೆಸರನ್ನು ಹುಡುಕಿ. ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ 2005ರಲ್ಲಿ ರಂಗಶಂಕರದಲ್ಲಿ ಪ್ರಯೋಗವಾದಾಗ ಮಂಜುಳಾ ನಾಯಕ್ ಪಾತ್ರವನ್ನು ಅರುಂಧತಿ ನಾಗ್ ಮಾಡಿದ್ದರು. ತೀರಿಕೊಂಡ ತಂಗಿ ಮಾಲಿನಿ ಇಂಗ್ಲಿಷಿನಲ್ಲಿ ಬರೆದಿಟ್ಟ ಕಾದಂಬರಿಯನ್ನು ಮಂಜುಳಾ ತನ್ನದೆಂದು ಪ್ರಕಟಿಸಿ ಕೀರ್ತಿ ಪಡೆಯುತ್ತಾಳೆ. ಇಷ್ಟು ಓದಿದ ಕೂಡಲೇ ನಟಿಯರು ಅವಳನ್ನು ಕಳ್ಳಿಯಂತೆ ಆಡತೊಡಗುತ್ತಾರೆ. ಆದರೆ ಅವಳು ಕನ್ನಡದಲ್ಲಿ ಕತೆ ಬರೆದು ಹೆಸರು ಮಾಡಿದವಳು, ಆ ಹೆಸರು ಸುಳ್ಳಲ್ಲ. ನಡೆಯಲಾರದ ತಂಗಿಯ ಸುತ್ತಲೇ ಸುತ್ತುತ್ತಿದ್ದ ಅಪ್ಪ ಅಮ್ಮನ ಮಗಳಾಗಿ ಬೆಳೆದವಳಿಗೆ ತನ್ನದೆಂದು ಇದ್ದದ್ದು ಬರವಣಿಗೆಯೊಂದೇ. ಅದರಲ್ಲೂ ತಂಗಿಯೇ ಮೇಲು ಎಂದು ಹಸ್ತಪ್ರತಿ ಕೈಯಲ್ಲಿ ಹಿಡಿದಾಗ ತಿಳಿದರೆ ಹೇಗಿರುತ್ತದೆ? ನಟಿ ಆ ನೋವನ್ನು ಮೊದಲು ತನ್ನದಾಗಿಸಿಕೊಳ್ಳಬೇಕು. ಮೋಸ ಆಮೇಲೆ ತಾನಾಗಿ ಬರುತ್ತದೆ.

2. ಅರ್ಧ ನಿಜವನ್ನು ಪೂರ್ತಿ ನಂಬಿ ಹೇಳಿ. ಟೀವಿ ಭಾಷಣದಲ್ಲಿ ಮಂಜುಳಾ ತಂಗಿಯನ್ನು ನೆನೆದು ಮರುಗುತ್ತಾಳೆ. ಆ ಮರುಕ ನಾಟಕವಲ್ಲ. ದುಃಖ ನಿಜವಾಗಿರುವುದರಿಂದಲೇ ಸುಳ್ಳು ಅದರ ಹಿಂದೆ ಅಡಗಬಲ್ಲದು. ಇಲ್ಲಿ ಕಣ್ಣು ಕದ್ದರೆ ಪಾತ್ರ ಸತ್ತಂತೆ.

3. ಇಲ್ಲದ ಹೆಸರು ಹೆಚ್ಚು ಮಾತಾಡುತ್ತದೆ. ಟಿ.ಪಿ. ಕೈಲಾಸಂ ‘ಬಂಡ್ವಾಳ್ವಿಲ್ಲದ ಬಡಾಯಿ’ಯಲ್ಲಿ ಬಡಾಯಿ ಕೊಚ್ಚುವ ಲಾಯರ್ ಅಹೋಬ್ಲುವನ್ನು ನಮ್ಮ ಹಳೇ ಬಡಾವಣೆಗಳ ಮನೆಮಾತಿನಲ್ಲೇ, ಇಂಗ್ಲಿಷ್ ಬೆರೆತ ಕನ್ನಡದಲ್ಲೇ ನಿಲ್ಲಿಸಿದರು. ಕಂಪನಿ ನಾಟಕದ ರಾಜಠೀವಿಯಿಂದ ದೂರ ಬಂದ ಈ ಭಾಷೆ ಕಿವಿಗೆ ಬಿದ್ದೊಡನೆ ನಗು ತರಿಸುತ್ತದೆ, ನಟ ಆ ನಗುವಿನ ಬೆನ್ನು ಹತ್ತುತ್ತಾನೆ. ನಾನು ಅಹೋಬ್ಲು ಮಾಡುವವರಿಗೆ ಒಂದೇ ಕೆಲಸ ಕೊಡುತ್ತೇನೆ: ಪ್ರತಿ ಬಡಾಯಿಯ ನಂತರ ಎದುರಿಗಿರುವವನ ಮುಖ ನೋಡು, ನಂಬಿದನೇ ಎಂದು. ನಂಬಿದ್ದು ಖಾತ್ರಿಯಾಗದ್ದರಿಂದಲೇ ಮುಂದಿನ ಬಡಾಯಿ ಹುಟ್ಟುತ್ತದೆ. ಗಳಿಸಿದ ಹೆಸರು ಕಾಯುವ ಮಂಜುಳಾ ಇದಕ್ಕೆ ತಿರುಗುಮುರುಗು, ಕೇಳಿದ್ದಕ್ಕಿಂತ ಕಡಿಮೆ ಹೇಳಲು ನೋಡುತ್ತಾಳೆ. ಇಬ್ಬರನ್ನೂ ಒಂದೇ ಗತಿಯಲ್ಲಿ ಆಡಿಸಬಾರದು.

4. ‘ಒಡಕಲು ಬಿಂಬ’ದಲ್ಲಿ ಟೀವಿ ಪರದೆಯ ಮೇಲಿನ ತನ್ನದೇ ಬಿಂಬ ಮಂಜುಳಾಳನ್ನು ಪ್ರಶ್ನಿಸುತ್ತದೆ. ಅದು ಮೊದಲೇ ಚಿತ್ರೀಕರಿಸಿದ್ದಾದರೆ ನಟಿಗಾಗಿ ಕಾಯುವುದಿಲ್ಲ. ಆದ್ದರಿಂದ ತಾಲೀಮಿನ ಮೊದಲ ದಿನಗಳಲ್ಲಿ ಇನ್ನೊಬ್ಬಳನ್ನು ಕೂರಿಸಿ ಪ್ರಶ್ನೆ ಓದಿಸಿ, ತಡವರಿಸುವ ಜಾಗಗಳು ಗಟ್ಟಿಯಾದ ಮೇಲೆಯೇ ಚಿತ್ರೀಕರಿಸಿ.

5. ಯಾರ ಕಣ್ಣಿಗೆ ಹೆದರುತ್ತಾರೆ ಎಂದು ಗೊತ್ತುಮಾಡಿಕೊಳ್ಳಿ. ಕಾರ್ನಾಡರದೇ ‘ನಾಗಮಂಡಲ’ದ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ತಾನು ಬೇರೊಬ್ಬಳ ಬಳಿ ಹೋಗುವವನು. ರಾಣಿ ಬಸುರಾದಾಗ ಅವಳನ್ನು ಊರ ಹಿರಿಯರ ಮುಂದೆ ನಿಲ್ಲಿಸುವವನೂ ಅವನೇ. ಹಾವು ಹಿಡಿದು ಅವಳು ಆಣೆಯಿಟ್ಟ ಮೇಲೆ ಊರು ಅವಳನ್ನು ದೇವಿಯೆನ್ನುತ್ತದೆ. ಮಗು ತನ್ನದಲ್ಲವೆಂದು ಅಪ್ಪಣ್ಣನಿಗೆ ಗೊತ್ತು, ಆದರೂ ಕಾಲಿಗೆ ಬೀಳುತ್ತಾನೆ. ಬೀಳುವಾಗ ಅವನು ನೋಡುತ್ತಿರುವುದು ರಾಣಿಯನ್ನೋ ಊರವರನ್ನೋ? ಈ ಪ್ರಶ್ನೆಗೆ ನಟನಿಂದ ಉತ್ತರ ಸಿಗುವವರೆಗೆ ನಾನು ಆ ದೃಶ್ಯದ ಚಲನೆ ನಿಗದಿ ಮಾಡುವುದಿಲ್ಲ.