ಕುರಿ ರೋಗ ತಡೆಯ ಖರ್ಚು-ವೆಚ್ಚ: ಹುಮನಾಬಾದ್, ಬಸವಕಲ್ಯಾಣದ ಕುರಿಗಾರರಿಗೆ

ಮಂದೆಗೆ ರೋಗ ಬಂದಾಗ ಸತ್ತ ಕುರಿಗಳನ್ನು ಮಾತ್ರ ಎಣಿಸಿ ನಷ್ಟ ಹೇಳುವುದು ವಾಡಿಕೆ. ಕಂದು ಹಾಕಿದ ಕುರಿ, ತೂಕ ಇಳಿದ ಟಗರು, ಹೆದರಿ ಅರ್ಧ ಬೆಲೆಗೆ ಕೊಟ್ಟ ಮರಿ, ಹೊಲದಲ್ಲಿ ಮಂದೆ ತರುಬಿಸಿಕೊಳ್ಳಲು ರೈತರು ಒಲ್ಲೆನ್ನುವುದರಿಂದ ತಪ್ಪುವ ಆದಾಯ, ಇವೂ ಅದೇ ಲೆಕ್ಕಕ್ಕೆ ಸೇರಬೇಕು.

ಮುಂಗಾರು ಮಳೆಗೆ ಎಳೆ ಹುಲ್ಲು ಚಿಗುರಿದಾಗ, ಸುಗ್ಗಿಯ ನಂತರ ಹೊಲದಲ್ಲಿ ಉದುರಿದ ಜೋಳ, ಕಡಲೆ ಯಥೇಚ್ಛವಾಗಿ ಸಿಕ್ಕಾಗ ಕರುಳುಬೇನೆಯ ಭಯ ಹೆಚ್ಚು. ಇದರ ರೋಗಾಣು ಆರೋಗ್ಯವಂತ ಕುರಿಯ ಕರುಳಿನಲ್ಲೂ ಇರುತ್ತದೆ. ಕುರಿ ಹೊಟ್ಟೆ ಬಿರಿಯೆ ತಿಂದಾಗ ಅದು ಒಮ್ಮೆಲೇ ವೃದ್ಧಿಯಾಗಿ ವಿಷ ಉಂಟುಮಾಡುತ್ತದೆ. ಆದ್ದರಿಂದ ಹೆಚ್ಚಾಗಿ ಸಾಯುವವು ಬಡಕಲು ಮರಿಗಳಲ್ಲ, ಸಂತೆಗೆ ಒಯ್ಯಬೇಕೆಂದಿದ್ದ ಮೈತುಂಬಿದ ಮರಿಗಳೇ. ಸಂಜೆ ನೆಟ್ಟಗಿದ್ದದ್ದು ಬೆಳಿಗ್ಗೆ ಸತ್ತಿರುತ್ತದೆ. ಔಷಧಿ ಕೊಡಲು ವೇಳೆಯೇ ಸಿಗದು.

ನೂರು ಕುರಿಗಳ ಮಂದೆಯನ್ನೇ ತೆಗೆದುಕೊಳ್ಳಿ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಲಸಿಕೆ ಹಾಕಿಸಬೇಕು. ಮೊದಲ ಬಾರಿಯಾದರೆ 14ರಿಂದ 21 ದಿನಗಳ ನಂತರ ಮತ್ತೊಮ್ಮೆ, ಮುಂದೆ ವರ್ಷಕ್ಕೊಮ್ಮೆ. ಕೂಲಿ, ಓಡಾಟ ಸೇರಿ ಕುರಿಯೊಂದಕ್ಕೆ ವರ್ಷಕ್ಕೆ 25 ರೂ. ಹಿಡಿದರೆ 2,500 ರೂ. ಆಯಿತು. ಬೆಳೆದ ಕುರಿಗೆ 8,000 ರೂ. ಹಿಡಿಯಿರಿ. ಮೂರು ವರ್ಷಕ್ಕೆ ಒಂದೇ ಕುರಿ ಉಳಿದರೂ ಹಾಕಿದ ಹಣ ಬಂತು! ಇವು ಉದಾಹರಣೆಯ ಅಂಕಿಗಳು. ನಿಮ್ಮ ಸಂತೆಯ ಬೆಲೆ ಹಾಕಿ ನೀವೇ ನೋಡಿ. ಖರ್ಚು ಉಳಿಸಲು ಎರಡನೇ ಸಲದ ಲಸಿಕೆ ಬಿಟ್ಟರೆ ರಕ್ಷಣೆ ಬಲವಾಗಿ ನಿಲ್ಲದು, ಮೊದಲಿನ ಹಣವೂ ಬಹುಮಟ್ಟಿಗೆ ವ್ಯರ್ಥ.

ಪಿ.ಪಿ.ಆರ್. ರೋಗದ ಲೆಕ್ಕ ಬೇರೆ. ನಮ್ಮ ದೇಶದಲ್ಲಿ 1987ರಲ್ಲಿ ತಮಿಳುನಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಕುರಿಯಿಂದ ಕುರಿಗೆ, ಆಡಿಗೆ ಹರಡುತ್ತದೆ. ಜ್ವರ, ಕಣ್ಣು ಮೂಗು ಸೋರುವುದು, ಬಾಯಿಹುಣ್ಣು, ಭೇದಿ ಇದರ ಚಿಹ್ನೆಗಳು. ಸರ್ಕಾರದ ಕಾರ್ಯಕ್ರಮದಲ್ಲಿ ಲಸಿಕೆ ಉಚಿತ. ಒಮ್ಮೆ ಹಾಕಿದರೆ ಕನಿಷ್ಠ ಮೂರು ವರ್ಷ ರಕ್ಷಣೆ. ಆದರೂ ಒಬ್ಬರೇ ಹಾಕಿಸಿದರೆ ಸಾಲದು. ನಿಮ್ಮ ಮಂದೆಯಲ್ಲಿ ಆಮೇಲೆ ಹುಟ್ಟಿದ ಮರಿಗಳಿರುತ್ತವೆ, ಪಕ್ಕದ ಮಂದೆಯ ರೋಗ ಅವಕ್ಕೆ ತಗಲುತ್ತದೆ. ಊರಿನ ಎಲ್ಲ ಮಂದೆಗಳಿಗೂ ಒಂದೇ ವಾರದಲ್ಲಿ ಹಾಕಿಸುವುದು ಲೇಸು. ನಾಲ್ಕು ತಿಂಗಳು ತುಂಬಿದ ಮರಿಗಳನ್ನು ಮರೆಯಬೇಡಿ. ಪುಣೆ-ಹೈದರಾಬಾದ್ ಹೆದ್ದಾರಿ ಈ ಸೀಮೆಯಲ್ಲೇ ಹಾದುಹೋಗುವುದರಿಂದ ಮಹಾರಾಷ್ಟ್ರ, ತೆಲಂಗಾಣದ ಸಂತೆಗಳ ಕುರಿಗಳೂ ಇಲ್ಲಿಗೆ ಬರುತ್ತವೆ. ಹೊಸದಾಗಿ ಕೊಂಡ ಕುರಿಗಳನ್ನು ಮೂರು ವಾರ ಬೇರೆ ಕಟ್ಟಿ. ಇದಕ್ಕೆ ಕಾಸಿನ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ.

ಲಸಿಕೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ತರಬೇಕು. ಸತ್ತ ಕುರಿಯನ್ನು ಕೊಯ್ದು ಹಂಚಬೇಡಿ. ಹೂಳುವ ಮೊದಲು ಹತ್ತಿರದ ಪಶುವೈದ್ಯರಿಗೆ ತಿಳಿಸಿ, ಮರಣೋತ್ತರ ಪರೀಕ್ಷೆ ಮಾಡಿಸಿ. ರೋಗ ಯಾವುದೆಂದು ಗೊತ್ತಾಗದಿದ್ದರೆ ಬರುವ ಮೇ ತಿಂಗಳಲ್ಲಿ ಯಾವ ಲಸಿಕೆಗೆ ಹಣ ತೆಗೆದಿಡಬೇಕೆಂಬುದೂ ಗೊತ್ತಾಗುವುದಿಲ್ಲ.