ಹಾಲುಣಿಸುವಾಗ ನೋವಾದರೆ: ಮಾಡಬೇಕಾದ್ದು, ಮಾಡಬಾರದ್ದು

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಭಾಗದ ಬಾಣಂತಿಯರಿಗೆ, ಅವರ ತಾಯಿ–ಅತ್ತೆಯರಿಗೆ, ಗಂಡಂದಿರಿಗೆ

ಹೆರಿಗೆಯಾಗಿ ಮೂರೋ ನಾಲ್ಕೋ ದಿನವಾಗಿದೆ. ಆಸ್ಪತ್ರೆಯಿಂದ ಮನೆಗೆ ಬಂದಾಗಿದೆ. ಎದೆಗೆ ಹಾಲು ತುಂಬಿ ಇಳಿಯುವುದು, ಎದೆ ಕಲ್ಲಿನಂತೆ ಬಿಗಿಯುವುದು, ತೊಟ್ಟು ಒಡೆದು ಉರಿಯುವುದು ಬಹುಪಾಲು ಇದೇ ಹೊತ್ತಿಗೆ. ಸಿಸ್ಟರ್ ಪಕ್ಕದಲ್ಲಿದ್ದಾಗ ಇಷ್ಟು ನೋವಿರಲಿಲ್ಲ. ನೋವು ಬಂದಾಗ ಸಿಸ್ಟರ್ ಪಕ್ಕದಲ್ಲಿಲ್ಲ.

ಆಗ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. “ನಮ್ಮ ಕಾಲದಾಗೂ ಹಿಂಗ ಇತ್ತು, ತಡ್ಕೋ ಯವ್ವ” ಎಂಬುದು ಒಂದು. “ಹಾಲು ಸಾಲವಲ್ದು, ಡಬ್ಬಿ ಹಾಲು ಹಾಕ್ರಿ” ಎಂಬುದು ಇನ್ನೊಂದು. ಎರಡೂ ಪ್ರೀತಿಯಿಂದ ಬಂದ ಮಾತುಗಳೇ, ಆದರೆ ಎರಡೂ ತಪ್ಪು. ನೋವು ಸಹಿಸಿಕೊಂಡು ಕೂರಬೇಡಿ. ಹಾಲುಣಿಸುವುದನ್ನು ನಿಲ್ಲಿಸಲೂ ಬೇಡಿ. ಕೂಸು ಮೊಲೆ ಹಿಡಿಯುವ ರೀತಿಯನ್ನು ಸರಿಮಾಡಿ. ಮೊದಲ ದಿನಗಳ ನೋವಿಗೆ ಹೆಚ್ಚಿನ ಸಲ ಕಾರಣ ಅದೇ.

ಯಾವ ನೋವು ಸಹಜ, ಯಾವುದು ಅಲ್ಲ

ಮೊದಲ ವಾರ, ಕೂಸು ಬಾಯಿ ಹಾಕಿದ ಮೊದಲ ಕೆಲವು ಕ್ಷಣ ಎಳೆದಂತಾಗುವುದು ಸಹಜ. ಕುಡಿಯುವಷ್ಟು ಹೊತ್ತೂ ಚುಚ್ಚುತ್ತಿದ್ದರೆ, ತೊಟ್ಟು ಬಿರಿದಿದ್ದರೆ, ರಕ್ತ ಬಂದಿದ್ದರೆ, ಕೂಸು ಬಾಯಿ ಬಿಟ್ಟಾಗ ತೊಟ್ಟು ಚಪ್ಪಟೆಯಾಗಿ ಬೆಳ್ಳಗೆ ಕಂಡರೆ ಅದು ಸಹಜವಲ್ಲ. ಹಾಲುಣಿಸುವಾಗ ಕೆಳಹೊಟ್ಟೆ ಹಿಂಡಿದಂತಾಗುವುದು ಮಾತ್ರ ಒಳ್ಳೆಯ ಲಕ್ಷಣ. ಗರ್ಭಕೋಶ ಕುಗ್ಗುತ್ತಿದೆ ಎಂದು ಅರ್ಥ.

ಮಾಡಬೇಕಾದ್ದು

1. ಕೂಸಿನ ಬಾಯಿಗೆ ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವನ್ನೂ ಕೊಡಿ.
ಕೂಸಿನ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿರಲಿ. ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಲಿ. ಮೂಗು ತೊಟ್ಟಿನ ಎದುರಿಗೆ ಬರಲಿ. ತೊಟ್ಟಿನಿಂದ ಮೇಲ್ತುಟಿ ಸವರಿ, ಕೂಸು ಆಕಳಿಸುವಷ್ಟು ಬಾಯಿ ತೆರೆಯುವವರೆಗೆ ಕಾಯಿರಿ. ತೆರೆದೊಡನೆ ಕೂಸನ್ನು ಎದೆಗೆ ತನ್ನಿ. ನೀವು ಕೂಸಿನ ಕಡೆ ಬಾಗಬೇಡಿ. ಬಾಗಿದರೆ ಬೆನ್ನೂ ನೋಯುತ್ತದೆ, ಹಿಡಿತವೂ ಜಾರುತ್ತದೆ.

2. ಹಿಡಿತ ಸರಿಯಿದೆಯೇ ಎಂದು ನಾಲ್ಕು ಗುರುತು ನೋಡಿ.
ಬಾಯಿ ಅಗಲವಾಗಿ ತೆರೆದಿದೆ. ಗದ್ದ ಎದೆಗೆ ತಾಗಿದೆ. ಕೆಳತುಟಿ ಹೊರಕ್ಕೆ ಮಡಚಿದೆ. ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದೆ. ಕೆನ್ನೆ ಗುಳಿ ಬೀಳಬಾರದು, ಚಪ್ ಚಪ್ ಸದ್ದು ಬರಬಾರದು. ನಿಧಾನವಾಗಿ ಎಳೆದು, ನುಂಗಿ, ತುಸು ನಿಂತು, ಮತ್ತೆ ಎಳೆಯುತ್ತಿದ್ದರೆ ಕೂಸಿಗೆ ಹಾಲು ಸಿಗುತ್ತಿದೆ.

3. ನೋವಾದರೆ ಬಿಡಿಸಿ, ಮತ್ತೆ ಹಿಡಿಸಿ.
ಕೂಸನ್ನು ಜಗ್ಗಬೇಡಿ. ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗೆ ಹಾಕಿ. ಹಿಡಿತ ತಾನಾಗಿ ಸಡಿಲುತ್ತದೆ. ಮೊದಲ ದಿನಗಳಲ್ಲಿ ನಾಲ್ಕೈದು ಸಲ ಹೀಗೆ ಮಾಡಬೇಕಾಗಬಹುದು. ತಾಯಿಯೂ ಕೂಸೂ ಇಬ್ಬರೂ ಕಲಿಯುತ್ತಿದ್ದೀರಿ.

4. ಕೇಳಿದಾಗಲೆಲ್ಲ ಕೊಡಿ: 24 ತಾಸಿನಲ್ಲಿ 8ರಿಂದ 12 ಸಲ, ರಾತ್ರಿಯೂ ಸೇರಿ.
ಕೂಸು ಕೈ ಬಾಯಿಗೆ ಒಯ್ದರೆ, ತಲೆ ಆಚೀಚೆ ತಿರುಗಿಸಿ ಎದೆ ಹುಡುಕಿದರೆ ಅದು ಹಸಿವು. ಅಳುವವರೆಗೆ ಕಾದರೆ ಸಿಟ್ಟಿನಲ್ಲಿ ತೊಟ್ಟನ್ನಷ್ಟೇ ಕಚ್ಚಿಕೊಳ್ಳುತ್ತದೆ. ನೋವು ಕಡಿಮೆ ಇರುವ ಕಡೆಯಿಂದ ಶುರುಮಾಡಿ.

5. ಎದೆ ಕಟ್ಟಿ ಗಟ್ಟಿಯಾದರೆ ಮೊದಲು ಮೆತ್ತಗೆ ಮಾಡಿ, ಆಮೇಲೆ ಹಿಡಿಸಿ.
ಉಬ್ಬಿದ ಎದೆ ಕೂಸಿನ ಬಾಯಿಗೆ ಸಿಗದೆ ಜಾರುತ್ತದೆ. ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು, ಎದೆಯೊಳಕ್ಕೆ ಒಂದು ನಿಮಿಷ ಹಗುರವಾಗಿ ಒತ್ತಿಹಿಡಿಯಿರಿ. ಬಾವು ಹಿಂದೆ ಸರಿದು ಆ ಜಾಗ ಮೆತ್ತಗಾಗುತ್ತದೆ. ಆಮೇಲೆ ಕೈಯಿಂದ ತುಸು ಹಾಲು ಹಿಂಡಿ: ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದ ಅಂಚಿನಲ್ಲಿ. ಮೊದಲು ಎದೆಯ ಕಡೆ ಒತ್ತಿ, ನಂತರ ಬೆರಳುಗಳನ್ನು ಒಟ್ಟಿಗೆ ತನ್ನಿ. ಚರ್ಮದ ಮೇಲೆ ಬೆರಳು ಎಳೆಯಬೇಡಿ. ಎದೆ ಹಗುರಾಗುವಷ್ಟು ಸಾಕು, ಬರಿದಾಗುವವರೆಗೆ ಹಿಂಡಬೇಡಿ. ಬರಿದಾದಷ್ಟೂ ದೇಹ ಇನ್ನಷ್ಟು ಹಾಲು ಮಾಡುತ್ತದೆ, ಎದೆ ಮತ್ತೆ ಕಟ್ಟುತ್ತದೆ.

6. ಹಾಲುಣಿಸಿದ ಮೇಲೆ ತಣ್ಣೀರು ಬಟ್ಟೆ ಇಡಿ.
ಹತ್ತು–ಹದಿನೈದು ನಿಮಿಷ ಸಾಕು. ಹಾಲು ಇಳಿಯಲು ಬೇಕೆನಿಸಿದರೆ ಕುಡಿಸುವ ಮುಂಚೆ ಎರಡು–ಮೂರು ನಿಮಿಷ ಬೆಚ್ಚಗಿನ ಬಟ್ಟೆ ಇಡಬಹುದು, ಅದಕ್ಕಿಂತ ಹೆಚ್ಚು ಹೊತ್ತು ಬೇಡ. “ಬಾಣಂತಿಗೆ ತಣ್ಣೀರು ತಾಗಿದರೆ ಥಂಡಿ” ಎಂಬ ಹೆದರಿಕೆ ಬೇಡ. ಎದೆಯ ಮೇಲಿನ ಒದ್ದೆ ಬಟ್ಟೆಯಿಂದ ಕೂಸಿಗೆ ನೆಗಡಿ ಬರುವುದಿಲ್ಲ.

7. ಒಡೆದ ತೊಟ್ಟಿಗೆ ನಿಮ್ಮ ಹಾಲೇ ಮೊದಲ ಔಷಧ.
ಕುಡಿಸಿದ ಮೇಲೆ ಎರಡು ಹನಿ ಹಾಲು ಸವರಿ, ಗಾಳಿಗೆ ಒಣಗಲು ಬಿಡಿ. ಸಡಿಲವಾದ ಹತ್ತಿ ಬಟ್ಟೆ ಹಾಕಿ, ಒದ್ದೆಯಾದಾಗ ಬದಲಿಸಿ. ತೊಟ್ಟು ಒಡೆದು ಸ್ವಲ್ಪ ರಕ್ತ ಹಾಲಿಗೆ ಸೇರಿದರೂ ಕೂಸಿಗೆ ಕೇಡಿಲ್ಲ.

8. ಬಾಯಿ ಹಾಕಿಸಲಾಗದಷ್ಟು ನೋವಿದ್ದರೆ ಹಿಂಡಿ, ಒಳಲೆಯಲ್ಲೋ ಚಮಚದಲ್ಲೋ ಕೊಡಿ.
ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಒಂದೆರಡು ಚಮಚ ಹಳದಿ ಹಾಲು ಸಾಕು. ಅದರ ಹೊಟ್ಟೆ ಆಗ ತೀರಾ ಚಿಕ್ಕದು. ಒಳಲೆಯನ್ನು ತೊಳೆದು ಕುದಿಸಿಡಿ. ಕೂಸನ್ನು ತುಸು ಎಬ್ಬಿಸಿ ಹಿಡಿದು, ತುಟಿಗೆ ತಾಗಿಸಿ ನಿಧಾನವಾಗಿ ಕುಡಿಸಿ, ಗಂಟಲಿಗೆ ಸುರಿಯಬೇಡಿ. ಹಿಂಡಿದ ಹಾಲು 25 ಡಿಗ್ರಿ ತಂಪಿನಲ್ಲಿ 4 ತಾಸು ಉಳಿಯುತ್ತದೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹಾಗಾಗಿ ಇಲ್ಲಿ ಆ ಲೆಕ್ಕ ನಂಬದೆ ಹಿಂಡಿದೊಡನೆ ಕುಡಿಸಿ.

9. ಬಾಣಂತಿಗೆ ಕೇಳಿದಷ್ಟು ನೀರು, ಹೊಟ್ಟೆ ತುಂಬ ಊಟ, ನಿದ್ದೆ.
ಪ್ರತಿ ಸಲ ಹಾಲುಣಿಸಲು ಕೂತಾಗ ಕೈಗೊಂದು ಚೊಂಬು ನೀರು ಕೊಡಿ. ಜೋಳದ ರೊಟ್ಟಿ, ಬೇಳೆ, ಸಬ್ಬಸಿಗೆ–ಮೆಂತ್ಯ ಪಲ್ಯ, ಮೊಟ್ಟೆ, ಮಜ್ಜಿಗೆ, ಅಂಟಿನ ಉಂಡಿ, ಅಳವಿ ಪಾಯಸ ಎಲ್ಲವೂ ಒಳ್ಳೆಯದೇ. ಆದರೆ ಹಾಲು ಹೆಚ್ಚಿಸುವ ದೊಡ್ಡ ಔಷಧ ಕೂಸಿನ ಬಾಯಿ. ಅದು ಎಷ್ಟು ಸರಿಯಾಗಿ ಎಳೆಯುತ್ತದೋ ಹಾಲು ಅಷ್ಟು.

10. ಆಶಾ ಅಕ್ಕನನ್ನು ಕರೆಯಿರಿ. ಅದು ನಿಮ್ಮ ಹಕ್ಕು.
ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕು. 2016ರ ಆಗಸ್ಟ್‌ನಲ್ಲಿ ಶುರುವಾದ ‘ಮಾ’ ಕಾರ್ಯಕ್ರಮದಡಿ ಹಾಲುಣಿಸುವ ತಾಯಂದಿರಿಗೆ ನೆರವಾಗುವುದೂ ಅವರ ಕೆಲಸ. ಇಲ್ಲೊಂದು ಮಾತು ಗಟ್ಟಿಯಾಗಿ ನೆನಪಿಡಿ: ಬಾಣಂತನ ತವರಿನಲ್ಲಿ, ಹೆಸರು ಇರುವುದು ಗಂಡನ ಊರಿನ ಪಟ್ಟಿಯಲ್ಲಿ. ಹೀಗಾಗಿ ಎರಡೂ ಊರಿನ ನಡುವೆ ಬಾಣಂತಿ ತಪ್ಪಿಹೋಗುತ್ತಾಳೆ. ಬೆಂಗಳೂರಿಗೆ ದುಡಿಯಲು ಹೋಗಿ ಹೆರಿಗೆಗೆ ಮರಳಿದವರ ಹೆಸರಂತೂ ಎಷ್ಟೋ ಸಲ ಯಾರ ಬಳಿಯೂ ಇರುವುದಿಲ್ಲ. ತವರಿಗೆ ಬಂದ ದಿನವೇ ತಾಯಿ ಕಾರ್ಡ್ ತೋರಿಸಿ ಅಲ್ಲಿನ ಆಶಾಗೆ ತಿಳಿಸಿ. ಅವರು ಬಂದಾಗ ನಾಚದೆ, ಅವರೆದುರಿಗೇ ಕೂಸಿಗೆ ಕುಡಿಸಿ ತೋರಿಸಿ. ನೋಡದೆ ಹಿಡಿತ ತಿದ್ದಲು ಯಾರಿಗೂ ಆಗದು.

ಮಾಡಬಾರದ್ದು

1. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡಿ. ಅದು ಕೆಟ್ಟ ಹಾಲಲ್ಲ, ಕೂಸಿಗೆ ಸಿಗುವ ಮೊದಲ ರಕ್ಷಣೆ.

2. ಜೇನು, ಸಕ್ಕರೆ ನೀರು, ಬಜೆ, ಗ್ರೈಪ್ ವಾಟರ್, ಆಕಳ ಹಾಲು ಕೊಡಬೇಡಿ. ಜೇನು ಒಂದು ವರ್ಷದವರೆಗೂ ಬೇಡ. ಬೇಸಿಗೆಯೆಂದು ನೀರನ್ನೂ ಹಾಕಬೇಡಿ: ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇದೆ. ಆರು ತಿಂಗಳು ತಾಯಿಯ ಹಾಲು ಮಾತ್ರ. ನೀರು ಕುಡಿದ ಕೂಸು ಎದೆ ಬಿಡುತ್ತದೆ, ಎದೆ ಕಟ್ಟುತ್ತದೆ, ನೋವು ಹೆಚ್ಚುತ್ತದೆ.

3. ಕಟ್ಟಿದ ಎದೆಯನ್ನು ತಿಕ್ಕಿ ಒಡೆಯಲು ಹೋಗಬೇಡಿ. ಬಿಸಿ ಎಣ್ಣೆ ಹಚ್ಚಿ ಜೋರಾಗಿ ಉಜ್ಜುವುದು, ಬಿಸಿ ಇಟ್ಟಿಗೆಯ ಕಾವು ಕೊಡುವುದು ಒಳಗಿನ ಬಾವನ್ನು ಹೆಚ್ಚಿಸುತ್ತದೆ. ಹಿಂದೆ ವೈದ್ಯರೂ ಬಿಸಿ ಕಾವು, ಮಾಲೀಶು ಹೇಳುತ್ತಿದ್ದರು. ಎದೆಹಾಲಿನ ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆ 2022ರಲ್ಲಿ ಆ ಸಲಹೆಯನ್ನು ಬದಲಿಸಿತು: ತಂಪು ಇಡಿ, ಕೈ ಹಗುರವಿರಲಿ, ಬೇಕಾದ್ದಕ್ಕಿಂತ ಹೆಚ್ಚು ಹಿಂಡಬೇಡಿ.

4. ಎದೆಯನ್ನು ಬಿಗಿಯಾಗಿ ಬಟ್ಟೆಯಿಂದ ಕಟ್ಟಬೇಡಿ, ಮಲ್ಲಿಗೆ ಹೂ ಕಟ್ಟಬೇಡಿ. ದಕ್ಷಿಣ ಭಾರತದಲ್ಲಿ ಹಾಲು ಬತ್ತಿಸಲು ಮಲ್ಲಿಗೆ ಕಟ್ಟುವ ರೂಢಿಯಿದೆ. 1988ರಲ್ಲಿ ಪ್ರಕಟವಾದ ವೆಲ್ಲೂರಿನ ವೈದ್ಯರ ಅಧ್ಯಯನ, ಅದರಿಂದ ಹಾಲು ನಿಜಕ್ಕೂ ಕಡಿಮೆಯಾಗುತ್ತದೆ ಎಂದು ತೋರಿಸಿತು. ಹಾಲುಣಿಸಬೇಕಾದ ತಾಯಿಗೆ ಇದು ನೋವಿನ ಮದ್ದಲ್ಲ.

5. ತೊಟ್ಟಿಗೆ ಸೋಪು, ಡೆಟಾಲ್, ಪೌಡರ್, ಅರಿಷಿಣ, ಕಾಡಿಗೆ ಹಚ್ಚಬೇಡಿ. ದಿನಕ್ಕೊಮ್ಮೆ ಸ್ನಾನದ ನೀರು ಸಾಕು.

6. ಬಾಟಲಿ, ರಬ್ಬರ್ ನಿಪ್ಪಲ್ ಕೊಡಬೇಡಿ. ಬಾಟಲಿ ಹೀರುವ ರೀತಿಯೇ ಬೇರೆ. ಅದು ಕಲಿತ ಕೂಸು ಎದೆಗೆ ಬಂದಾಗ ತೊಟ್ಟು ಕಡಿಯುತ್ತದೆ. ಡಬ್ಬಿ ಹಾಲಿನ, ಬಾಟಲಿಯ ಜಾಹೀರಾತು ಮಾಡುವುದನ್ನೂ ತಾಯಂದಿರಿಗೆ ಪುಕ್ಕಟೆ ಹಂಚುವುದನ್ನೂ 1992ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕೂಸಿನ ತೂಕ ನೋಡಿ ವೈದ್ಯರೇ ಬೇಕೆಂದರೆ ಮಾತ್ರ ಬೇರೆ ಹಾಲು. ಆಗ ಕೊಡಲು ಹಿಂಜರಿಯಬೇಡಿ, ಅದು ತಾಯಿಯ ಸೋಲಲ್ಲ.

7. ಬಾಣಂತಿಯ ನೀರು ಕಡಿಮೆ ಮಾಡಬೇಡಿ, ಕಿಟಕಿ ಮುಚ್ಚಿ ಕುಳ್ಳಿನ ಹೊಗೆ ಹಾಕಬೇಡಿ. ನಮ್ಮ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿ ತಾಯಿ ಬಾಡುತ್ತಾಳೆ, ಕೂಸಿನ ಎಳೆ ಎದೆಗೆ ಹೊಗೆ ತುಂಬುತ್ತದೆ.

8. ಅಂಗಡಿಯಿಂದ ಗುಳಿಗೆ ತಂದು ನುಂಗಬೇಡಿ. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಕೂಸಿಗೆ ತೊಂದರೆಯಿಲ್ಲ. ಅದನ್ನು ಬಿಟ್ಟು ನೋವು ತಿನ್ನಬೇಕಿಲ್ಲ.

9. “ಹಾಲು ಕೆಟ್ಟಾವ”, “ಈಕಿಗೆ ಹಾಲ ಇಲ್ಲ” ಎಂದು ಬಾಣಂತಿಯ ಎದುರು ಹೇಳಬೇಡಿ. ಚಿಂತೆಯಲ್ಲಿ ಹಾಲು ಇಳಿಯುವುದು ತಡವಾಗುತ್ತದೆ. ಹಾಲು ಸಾಲುತ್ತಿದೆಯೇ ಎಂಬುದನ್ನು ಕೂಸಿನ ಲಂಗೋಟಿ ಹೇಳಲಿ: ಐದನೆಯ ದಿನದಿಂದ ದಿನಕ್ಕೆ ಆರು ಸಲವಾದರೂ ಉಚ್ಚೆ, ಹಳದಿ ಬಣ್ಣದ ಮಲ. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು.

ತಡಮಾಡದೆ ಆಸ್ಪತ್ರೆಗೆ

ತಾಯಿಗೆ: ಚಳಿ ಜ್ವರ, ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಮುಟ್ಟಲಾಗದಷ್ಟು ನೋವು ಬಂದು ಒಂದು ದಿನದಲ್ಲಿ ಇಳಿಯದಿರುವುದು, ಗಂಟು ಕರಗದಿರುವುದು ಅಥವಾ ಕೀವು, ಹಿಡಿತ ಸರಿಯಿದ್ದರೂ ಎದೆಯೊಳಗೆ ಉರಿ, ಜೊತೆಗೆ ಕೂಸಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪದರು. ಕೊನೆಯದು ಶಿಲೀಂಧ್ರ ಸೋಂಕು ಇರಬಹುದು. ಆಗ ಇಬ್ಬರಿಗೂ ಒಟ್ಟಿಗೆ ಔಷಧ ಬೇಕು. ಎದೆ ಬಾವಿಗೆ ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟರೂ ಸಾಮಾನ್ಯವಾಗಿ ಹಾಲುಣಿಸುವುದನ್ನು ನಿಲ್ಲಿಸಬೇಕಿಲ್ಲ. ನಿಲ್ಲಿಸಿದರೆ ಬಾವು ಹೆಚ್ಚುತ್ತದೆ. ದಿನವಿಡೀ ಅಳು, ನಿದ್ದೆಯಿಲ್ಲ, ಕೂಸಿನ ಮೇಲೆ ಮನಸ್ಸಿಲ್ಲ ಎಂದರೆ ಅದೂ ಆಸ್ಪತ್ರೆಗೆ ಹೋಗಬೇಕಾದ ನೋವೇ.

ಕೂಸಿಗೆ: ಎಬ್ಬಿಸಿದರೂ ಕುಡಿಯದಿರುವುದು, ಉಚ್ಚೆ ಕಡಿಮೆಯಾಗುವುದು, ಅಂಗೈ–ಅಂಗಾಲಿನವರೆಗೆ ಹಳದಿ, ಮೈ ಬಿಸಿ ಅಥವಾ ತಣ್ಣಗೆ, ಉಸಿರು ಜೋರು. ಕೂಸಿನ ನಾಲಗೆ ಹೊರಗೆ ಚಾಚದೆ, ಅಡಿಯಲ್ಲಿ ದಾರ ಬಿಗಿದಂತಿದ್ದರೆ ಅದನ್ನೂ ತೋರಿಸಿ.

ರಾಯಚೂರಿನಲ್ಲಿ ರಿಮ್ಸ್, ದೇವದುರ್ಗ ಮತ್ತು ಮಾನ್ವಿಯಲ್ಲಿ ತಾಲ್ಲೂಕು ಆಸ್ಪತ್ರೆ ಇವೆ. 108ಕ್ಕೆ ಕರೆಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಕೂಸಿಗೆ ಚಿಕಿತ್ಸೆಯೂ ವಾಹನವೂ ಉಚಿತ. ದೃಷ್ಟಿ ತೆಗೆಯುವ ಮನಸ್ಸಿದ್ದರೆ ತೆಗೆಯಿರಿ, ಆದರೆ ಗಾಡಿ ಬರುವುದರೊಳಗೆ ಮುಗಿಸಿ.

ಮನೆಯವರಿಗೆ ಒಂದು ಮಾತು

ಗಂಡಂದಿರೇ, ರಾತ್ರಿ ಕೂಸನ್ನು ಎತ್ತಿ ತಾಯಿಯ ಮಗ್ಗುಲಿಗೆ ಕೊಡುವುದು, ಲಂಗೋಟಿ ಬದಲಿಸುವುದು, ಬಂದವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸುವುದು ನಿಮ್ಮ ಕೆಲಸ. ಅವ್ವಂದಿರೇ, ಅತ್ತೆಯರೇ, ನೀವು ಹೊತ್ತ ನೋವಿಗೆ ಆಗ ಕೇಳುವವರಿರಲಿಲ್ಲ. ಅದೇ ನೋವು ಮಗಳಿಗೂ ಸೊಸೆಗೂ ಬರಲೇಬೇಕೆಂಬ ನಿಯಮವಿಲ್ಲ. ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ಹಂಗಾಮು ಬಂತೆಂದು ಬಾಣಂತಿಯನ್ನು ಹೊಲಕ್ಕೆ ಅವಸರಿಸಬೇಡಿ. ಸಮಯಕ್ಕೆ ಕುಡಿಸದ ಎದೆಯೇ ಕಟ್ಟಿ ಬಾವು ಬರುವುದು.

ಬಾಣಂತಿಯೇ, ಒಡೆದ ತೊಟ್ಟು ಹಿಡಿತ ಸರಿಯಾದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಾಯುತ್ತದೆ. ನೋವೆಂದು ಹೇಳಲು ಹೆದರಬೇಡ. ಇಂದೇ ಹೇಳು, ಇಂದೇ ತೋರಿಸು, ಮುಂದಿನ ಸಲ ಕೂಸು ಬಾಯಿ ಅಗಲಿಸುವವರೆಗೆ ಕಾದು ಹಿಡಿಸು.